ದೀಪ ಹಾಕಿಕೊಂಡು ಆಡಿದ ಜಗಳ

"ಕೂಗಾಡೋದಾದ್ರೆ ಕೂತ್ಕೊಂಡು ಕೂಗಾಡಿ ಸಾರ್. ಕತ್ತೆತ್ತಿ ನೋಡಿ ನೋಡಿ ನನಗೆ ಕತ್ತು ನೋವು ಬಂತು."

ದುಭಾಷಿ ಕೂರಲಿಲ್ಲ. ಕಪ್ಪು ಅಂಗಿಯ ಗುಂಡಿಯನ್ನು ಕತ್ತಿನವರೆಗೂ ಹಾಕಿಕೊಂಡಿದ್ದರು. ಸನ್ನೆ ಭಾಷೆಯ ದುಭಾಷಿಗಳು ಕೆಲಸದ ದಿನ ಹೂವು, ಗೆರೆ ಇರುವ ಬಟ್ಟೆ ತೊಡುವುದಿಲ್ಲ. ಕೈ ಎದ್ದು ಕಾಣಬೇಕಲ್ಲ. ಆ ಎರಡು ಕೈಗಳೂ ಈಗ ನನ್ನ ಮೂಗಿನ ಮುಂದೆಯೇ ಇದ್ದವು.

"ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ ಕಣ್ರೀ. ಕೋರ್ಟಲ್ಲಿ, ಆಸ್ಪತ್ರೇಲಿ, ಗಂಡ ಹೆಂಡ್ತಿ ಬೇರೆ ಆಗೋ ಕಡೆ. ಒಂದು ಮಾತು ಆಚೆ ಬಿಟ್ಟಿಲ್ಲ. ನೀವು ಬಂದು ನನ್ನನ್ನ ಕಳ್ಳ ಅಂತೀರಾ?"

"ಇನ್ನೂ ಅಂದಿಲ್ಲ. ಅನ್ನಬೇಕಾ ಬೇಡ್ವಾ ಅಂತ ನೋಡೋಕೆ ಬಂದೆ."

ನಾನು ಮೊದಲು ಕೋರ್ಟಿನ ಸಮನ್ಸ್ ಮುಟ್ಟಿಸುವ ಕೆಲಸದಲ್ಲಿದ್ದವಳು. ಬಾಗಿಲ ಹಿಂದೆ ಅವಿತುಕೊಂಡವರನ್ನೂ ಬಿಟ್ಟವಳಲ್ಲ. ಅಲ್ಲಿಯವರು ನನಗೆ ಜಿಗಣೆ ಎಂದು ಹೆಸರಿಟ್ಟರು. ಅವರು ಬೈಗುಳವೆಂದು ಇಟ್ಟದ್ದನ್ನು ನಾನು ಬಿರುದೆಂದು ಇಟ್ಟುಕೊಂಡೆ. ಈಗ ಸ್ವಂತ ಪತ್ತೇದಾರಿಕೆ.

ವಿಷಯ ಇಷ್ಟು. ಹಲ್ಲಿನ ಸೆಟ್ ತಯಾರಿಸುವ ಒಬ್ಬ ಹೆಂಗಸು, ಮರಗೆಲಸದ ಅವಳ ಗಂಡ, ಇಬ್ಬರಿಗೂ ಕಿವಿ ಕೇಳುವುದಿಲ್ಲ. ಕಳೆದ ವಾರ ಒಂದು ಮುಸ್ಸಂಜೆ ತಮ್ಮ ಮನೆಯ ಬಾಲ್ಕನಿಯಲ್ಲಿ ನಿಂತು ಸನ್ನೆಯಲ್ಲಿ ಜಗಳವಾಡಿದರು. ಮಾತಾಡುವವರಾದರೆ ಕತ್ತಲಲ್ಲೂ ಜಗಳವಾಡಬಹುದು. ಇವರಿಗೆ ದೀಪ ಬೇಕು. ಆ ದೀಪದ ಬೆಳಕಿನಲ್ಲಿ ಎದುರು ಕಟ್ಟಡದಿಂದ ಯಾರೋ ವಿಡಿಯೊ ಮಾಡಿ, 'ಎದುರ್ಮನೆ' ಎನ್ನುವ ಹೆಸರಿನ ಖಾತೆಯಲ್ಲಿ ನಗೆಯಾಟಕ್ಕೆಂದು ಹಾಕಿದರು. ಎರಡು ದಿನದ ಮೇಲೆ ಅದೇ ವಿಡಿಯೊ ಮತ್ತೆ ಬಂತು, ಈ ಸಲ ಸನ್ನೆಗಳಿಗೆಲ್ಲ ಅಡಿಬರಹ ಸೇರಿತ್ತು. ಅವರ ಹದಿಮೂರು ವರ್ಷದ ಮಗಳನ್ನು ಅವರು ಹೆತ್ತದ್ದಲ್ಲ, ಒಬ್ಬ ನರ್ಸ್ ಹೆತ್ತು ಅವರಿಗೆ ದತ್ತು ಕೊಟ್ಟದ್ದು ಎಂದು ಊರಿಗೆಲ್ಲ ತಿಳಿಯಿತು.

ಎರಡನೇ ಭಾಗ ಇವತ್ತು ನಾಲ್ಕು ಗಂಟೆಗೆ, ಹೆತ್ತವಳು ಯಾರೆಂದು ಅದರಲ್ಲಿ ತೋರಿಸುತ್ತೇವೆ ಎಂದು ಆ ಖಾತೆ ಬೆಳಗ್ಗೆಯಿಂದ ಡಂಗುರ ಹೊಡೆಯುತ್ತಿತ್ತು.

ಮಗಳಿಗೆ ಇನ್ನೂ ಗೊತ್ತಿಲ್ಲ. ತಾಯಿ ಅವಳನ್ನು ಶಾಲೆಗೆ ಕಳಿಸದೆ, ಫೋನ್ ಕಿತ್ತಿಟ್ಟು ಮನೆಯಲ್ಲೇ ಇರಿಸಿಕೊಂಡಿದ್ದಳು. ನನ್ನ ಫೋನಿಗೆ ಅವಳು ಬರೆದು ಕಳಿಸಿದ್ದು ಒಂದೇ ಸಾಲು: 'ನನ್ನ ಮಗಳಿಗೆ ಇದನ್ನು ನಾನೇ ಹೇಳಬೇಕು, ಬೇರೆ ಯಾರೂ ಹೇಳಬಾರದು.' ಆ ಸಾಲು ಓದಿಯೇ ನಾನು ಈ ಕೆಲಸ ಒಪ್ಪಿಕೊಂಡದ್ದು.

"ಕಾರಣ ಹೇಳಿ," ಎಂದರು ದುಭಾಷಿ. "ನನ್ನ ಮೇಲೆ ಯಾಕೆ ಕಣ್ಣು?"

"ಕಿವಿ ಕೇಳದವರು ತಮಗೆ ಗೊತ್ತಿರೋ ಪ್ರತಿಯೊಬ್ಬರಿಗೂ ಒಂದು ಹೆಸರಿನ ಸನ್ನೆ ಇಟ್ಟಿರ್ತಾರಲ್ಲ ಸಾರ್. ಆ ನರ್ಸಿಗೆ ಅವರು ಇಟ್ಟಿದ್ದು ಹುಬ್ಬು ಸವರೋ ಸನ್ನೆ. ಅದು ಯಾವ ತರಗತೀಲೂ ಕಲಿಸೋ ಸನ್ನೆ ಅಲ್ಲ. ಗೊತ್ತಿರೋದು ಮೂರೇ ಜನಕ್ಕೆ ಅಂತ ತಾಯಿ ಬರೆದು ಕೊಟ್ಟಿದಾರೆ. ಗಂಡ, ಹೆಂಡ್ತಿ, ಮಗು ಕೈಗೆ ಬಂದ ದಿನ ಆಸ್ಪತ್ರೇಲಿ ಜೊತೆಗಿದ್ದ ನೀವು. ಆದ್ರೆ ಅಡಿಬರಹ ಬರೆದವರು 'ಆ ನರ್ಸ್' ಅಂತ ಸರಿಯಾಗೇ ಬರೆದಿದಾರೆ."

ದುಭಾಷಿ ಈಗ ಕೂತರು. ಮುಖ ಸಪ್ಪಗಾಯಿತು. "ನಾನಲ್ಲ," ಎಂದರು ಮೆಲ್ಲಗೆ. ಇಷ್ಟು ಹೊತ್ತು ಕೂಗಿದ್ದಕ್ಕಿಂತ ಆ ಮೆಲುದನಿಯೇ ನನಗೆ ಹೆಚ್ಚು ನಂಬುವಂತಿತ್ತು. ಆದರೆ ನಂಬಿಕೆ ಇಟ್ಟುಕೊಂಡು ಕೋರ್ಟಿಗೆ ಹೋಗುವುದಕ್ಕಾಗುತ್ತದೆಯೇ?

"ಒಂದು ಪರೀಕ್ಷೆ ಮಾಡೋಣ," ಎಂದೆ.

ಅವರ ಮೇಜಿನ ಮೇಲಿದ್ದ ಅಂಟುಪಟ್ಟಿ ಹರಿದು, ನನ್ನ ಫೋನಿನ ಪರದೆಯ ಕೆಳಭಾಗಕ್ಕೆ ಅಂಟಿಸಿದೆ. ಅಡಿಬರಹ ಪೂರ್ತಿ ಮುಚ್ಚಿಹೋಯಿತು. ವಿಡಿಯೊ ಹಾಕಿದೆ.

"ಓದಿ ಹೇಳಿ. ಕೋರ್ಟಲ್ಲಿ ಹೇಳೋ ಹಾಗೆ."

ಅವರು ಕನ್ನಡಕ ಸರಿಮಾಡಿಕೊಂಡರು. ಕೆಲಸ ಶುರುವಾದದ್ದೇ ತಡ, ದನಿಯ ನಡುಕ ಮಾಯ.

"ಗಂಡ: ದೊಡ್ಡವಳಾಗಲಿ, ಈಗ ಹೇಳಿದರೆ ಓದು ಹಾಳಾಗುತ್ತೆ. ಹೆಂಡತಿ: ನಾಳೆ ಬೇರೆ ಯಾರೋ ಹೇಳಿದರೆ? ನಾವು ಹೆತ್ತಿಲ್ಲ ಅನ್ನೋದನ್ನ ನಾವೇ ಹೇಳಬೇಕು. ಗಂಡ: ನಾವು ಮಾತು ಕೊಟ್ಟಿದೀವಿ, ನೆನಪಿದೆಯಾ, ಇವರ ಹೆಸರು ಬಾಯಿಬಿಡಲ್ಲ ಅಂತ..." ಅಲ್ಲಿ ನಿಲ್ಲಿಸಿದರು. "ನಾನು 'ಇವರ' ಅಂದ ಕಡೆ ಹುಬ್ಬು ಸವರಿದ್ರಲ್ಲ, ಅದು ಒಬ್ಬರ ಹೆಸರು. ಯಾರದು ಅಂತ ನಾನು ಹೇಳಲ್ಲ."

"ನನಗೆ ಗೊತ್ತಲ್ಲ ಸಾರ್, ಹೇಳಿ ಪರವಾಗಿಲ್ಲ."

"ನಿಮಗೆ ಗೊತ್ತಿದ್ರೆ ನಿಮಗೆ. ನನ್ನ ಬಾಯಿಂದ ಬರಲ್ಲ."

ಇಂಥವರನ್ನು ಕಂಡರೆ ನನಗೆ ಒಳಗೊಳಗೇ ಗೌರವ. ಹೊರಗೆ ತೋರಿಸಲಿಲ್ಲ. "ಸರಿ, ಮುಂದೆ," ಎಂದೆ.

ವಿಡಿಯೊದಲ್ಲಿ ಹೆಂಡತಿ ಗಕ್ಕನೆ ಮನೆಯ ಕಡೆ ತಿರುಗಿದಳು. ಬೆನ್ನು ಮಾತ್ರ ಕಾಣುತ್ತಿತ್ತು, ಭುಜಗಳು ಅಲುಗುತ್ತಿದ್ದವು. ದುಭಾಷಿ ಸುಮ್ಮನಾದರು.

"ಮುಂದೆ?"

"ಮುಂದೆ ಏನ್ ಮುಂದೆ? ಬೆನ್ನು ಮಾತಾಡುತ್ತಾ? ಕೈ ಕಾಣದೆ ನಾನೇನು ಕಣಿ ಹೇಳ್ಲಾ?"

ನಾನು ಅಂಟುಪಟ್ಟಿ ಸರ್ರನೆ ಕಿತ್ತೆ. ಅಲ್ಲಿ, ಆ ಬೆನ್ನಿನ ಕೆಳಗೆ, ಅಡಿಬರಹ ಸರಾಗವಾಗಿ ಓಡುತ್ತಿತ್ತು:

'ನೋಡು, ಹೇಗೆ ಮಲಗಿದ್ದಾಳೆ. ಇವಳಿಗೆ ಸುಳ್ಳು ಹೇಳಿಕೊಂಡು ಇವಳ ತಲೆ ಬಾಚೋಕೆ ನನ್ನ ಕೈಲಿ ಇನ್ನು ಆಗಲ್ಲ.'

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಈ ವಿಡಿಯೊವನ್ನು ನಾನು ಅಷ್ಟು ಸಲ ನೋಡಿದ್ದೆ, ಪ್ರತಿ ಸಲವೂ ಓದುತ್ತಲೇ ಇದ್ದೆ. ಅಡಿಬರಹ ಇದ್ದ ಕಡೆ ಕಣ್ಣು ಹೋದರೆ, ಮೇಲೆ ಏನಿದೆ ಏನಿಲ್ಲ ಎಂದು ಯಾರು ನೋಡುತ್ತಾರೆ? ನನ್ನ ತಲೆಗೆ ನಾನೇ ಒಂದು ಮೊಟಕಬೇಕೆನಿಸಿತು.

"ಇದನ್ನ ಬರೆದವರು ವಿಡಿಯೊ ನೋಡಿ ಬರೆದಿಲ್ಲ," ಎಂದರು ದುಭಾಷಿ. "ಆ ತಾಯೀನ ಎದುರಿಂದ ನೋಡಿ ಬರೆದಿದಾರೆ."

"ಅಂದ್ರೆ ಮನೆ ಒಳಗಿಂದ."

ನನ್ನ ಚೀಲ ಎತ್ತಿಕೊಂಡು ಬಾಗಿಲ ಹತ್ತಿರ ಹೋದವಳು ತಿರುಗಿ ನಿಂತೆ. "ಸಾರ್, ಕಳ್ಳ ಅನ್ನಲಿಲ್ಲ ನೋಡಿ."

"ಅಂದಿದ್ರೆ ನಿಮ್ಮ ಮೇಲೇ ಕೇಸ್ ಹಾಕ್ತಿದ್ದೆ," ಎಂದರು. ಮುಖದಲ್ಲಿ ನಗು ಇತ್ತೋ ಏನೋ, ನೋಡುವುದಕ್ಕೆ ಪುರುಸೊತ್ತಿರಲಿಲ್ಲ.

ಬಸ್ಸಿನಲ್ಲಿ ಕೂತಿದ್ದಾಗ ಲಾಯರ್ ತಂಗಿಯ ಫೋನ್ ಬಂತು. ತಂಗಿ ಎಂದರೆ ಒಡಹುಟ್ಟಿದ ತಂಗಿ; ಎರಡನೇ ಭಾಗಕ್ಕೆ ತಡೆ ಕೇಳಲು ಬೆಳಗ್ಗೆಯೇ ಕೋರ್ಟಿಗೆ ಹೋಗಿದ್ದಳು. ಕೋರ್ಟಿನಲ್ಲಿ ಹುಲಿ, ನನ್ನ ಹತ್ತಿರ ಮಾತ್ರ ಇನ್ನೂ ರಾಗ ಎಳೆಯುತ್ತಾಳೆ.

"ಅಕ್ಕಾ, ಎಲ್ಲಿದೀಯೇ? ಅರ್ಧ ಗೆದ್ದೆ ನಾನು."

"ಅರ್ಧ ಗೆಲ್ಲೋದು ಅಂದ್ರೇನೇ?"

"ಎದುರು ಪಾರ್ಟಿನೇ ಇಲ್ಲದ ಕೇಸು, ಅವರ ಪರವಾಗಿ ನ್ಯಾಯಾಧೀಶರೇ ಕೇಳಿದ್ರು. ಬಾಲ್ಕನಿ ರಸ್ತೆಗೆ ಕಾಣುತ್ತಲ್ಲಮ್ಮಾ, ಕಂಡಿದ್ದನ್ನ ತೆಗೆದ್ರೆ ತಪ್ಪೇನು ಅಂತ. ನಾನು ಹೇಳಿದೆ, ಕೈ ಆಡಿಸಿದ್ದು ರಸ್ತೆಗೆ ಕಾಣುತ್ತೆ ಸ್ವಾಮಿ, ಹೇಳಿದ್ದು ಕಾಣಲ್ಲ. ಕಿಟಕಿ ತೆಗೆದಿದೆ ಅಂತ ಒಳಗಿನ ಮಾತನ್ನ ಮೈಕ್ ಹಿಡಿದು ಸಾರೋಕಾಗುತ್ತಾ? ಅದರಲ್ಲೂ ಒಂದು ಮಗುವಿನ ಹುಟ್ಟಿನ ವಿಷಯ. ದತ್ತು ಕೊಟ್ಟವಳ ಹೆಸರನ್ನ ಕಾನೂನೇ ಮುಚ್ಚಿಟ್ಟಿರುತ್ತೆ ಅಂದೆ. ಒಪ್ಪಿದ್ರು ಅಕ್ಕಾ!"

"ಭೇಷ್. ಮತ್ತೆ ಉಳಿದ ಅರ್ಧ?"

"ತಡೆ ಆಜ್ಞೆ ಯಾರ ಮೇಲೆ ಕೊಡಲಿ ಅಂದ್ರು. ಖಾತೆ ಯಾರದು ಅಂತ ಕಂಪನಿಯವರು ಹೇಳೋ ಹೊತ್ತಿಗೆ ವಾರಗಟ್ಟಲೆ ಆಗುತ್ತೆ. ನಾಲ್ಕು ಗಂಟೆ ಒಳಗೆ ಒಂದು ಹೆಸರು ತಗೊಂಡು ಬನ್ನಿ, ಆಗಲೇ ಸಹಿ ಹಾಕ್ತೀನಿ ಅಂದ್ರು. ಹೆಸರು ಕೊಡೇ ಅಕ್ಕಾ, ನಿನ್ನ ದಮ್ಮಯ್ಯ."

"ಕೊಡ್ತೀನಿ. ಅಡಿಬರಹ ಬರೆದವರು ಯಾರು ಅಂತ ಗೊತ್ತಾಗ್ತಾ ಇದೆ. ಅವರು ಬರೆದು ಕೊಟ್ಟಿದ್ದು ಯಾರಿಗೆ ಅಂತ ಕೇಳಿದ್ರೆ ಖಾತೆಯವರು ಸಿಕ್ತಾರೆ."

"ಯಾರೇ?"

"ಇಳಿಯೋ ಜಾಗ ಬಂತು, ಇಡ್ತೀನಿ," ಎಂದು ಫೋನ್ ಇಟ್ಟೆ. 

ತಾಯಿ ಕಟ್ಟಡದ ಗೇಟಿನ ಬಳಿ ಕಾಯುತ್ತಿದ್ದಳು. ಸಣ್ಣ ಆಳು, ಉಗುರಿನ ಸಂದಿಯಲ್ಲಿ ಕೆಲಸದ ಗುಲಾಬಿ ಮೇಣ. ನನ್ನ ಮುಖ ನೋಡಿದ ಕೂಡಲೇ ಹುಬ್ಬು ಏರಿಸಿದಳು: ಸಿಕ್ಕರಾ? ಅಂಗೈ ತೋರಿಸಿ ತಾಳು ಎಂದೆ. ನನಗೆ ಬರುವ ಸನ್ನೆ ಬೆರಳೆಣಿಕೆಯವು, ಅದರಲ್ಲಿ ಇದೂ ಒಂದು. ಮೆಟ್ಟಿಲು ಹತ್ತುತ್ತ ಫೋನಿನಲ್ಲಿ ಬರೆದು ಕೇಳಿದೆ, ಬೆನ್ನು ತಿರುಗಿಸಿದಾಗ ನೀವು ಹೇಳಿದ್ದು ಇದೇ ಮಾತಾ? ಅವಳು ಓದಿ ಹೌದೆಂದಳು. ಮತ್ತೆ ಬರೆದೆ, ಹುಬ್ಬಿನ ಸನ್ನೆ ಮಗಳಿಗೂ ಗೊತ್ತಾ?

ಅವಳು ಏನೂ ಯೋಚಿಸದೆ ಟಪಟಪ ಬರೆದಳು: 'ಗೊತ್ತಿದೆಯಲ್ಲ. ನೀನು ಹುಟ್ಟಿದಾಗ ನಿನ್ನನ್ನು ನೋಡಿಕೊಂಡ ನರ್ಸ್ ಅಂತ ಚಿಕ್ಕಂದಿನಿಂದ ಹೇಳಿದ್ದೇವೆ.'

ಅಯ್ಯೋ ತಾಯಿ! ಗುಟ್ಟು ಗೊತ್ತಿದ್ದವರನ್ನು ಎಣಿಸಿದ್ದಳೇ ಹೊರತು ಸನ್ನೆ ಗೊತ್ತಿದ್ದವರನ್ನು ಎಣಿಸಿರಲಿಲ್ಲ. ಮಗಳನ್ನು ಎಣಿಸುವುದು ಯಾವ ತಾಯಿಗೆ ತಾನೇ ಹೊಳೆದೀತು?

ಬೀಗದ ಕೈಯಿಂದ ಬಾಗಿಲು ತೆಗೆದು ಒಳಗೆ ಕರೆದಳು. ಚಿಕ್ಕ ಹಾಲ್, ಗಂಡನೇ ಮಾಡಿದ ಪುಸ್ತಕದ ಕಪಾಟು, ಊಟದ ಮೇಜು, ಬಾಲ್ಕನಿಗೆ ಗಾಜಿನ ಬಾಗಿಲು. ಆ ಗಾಜಿಗೆ ಮುಖ ಮಾಡಿ ಒಂದು ಸೋಫಾ. ಜಗಳದ ದಿನ ಮಗಳು ಮಲಗಿದ್ದದ್ದು ಇಲ್ಲೇ. ಗಂಡ ಹೆಂಡತಿ ಬಾಗಿಲು ಹಾಕಿಕೊಂಡು ಹೊರಗೆ ನಿಂತಿದ್ದರು. ಹುಡುಗಿ ಎಚ್ಚರಾಗಿ ಹೊರಳಿದ ಸದ್ದು, ದಿಂಬು ಸರಿಸಿದ ಸದ್ದು, ಇದು ಯಾವುದೂ ಅವರಿಗೆ ತಿಳಿಯುವ ಹಾಗಿರಲಿಲ್ಲ. ಹಾಲ್ ಕತ್ತಲು, ಬಾಲ್ಕನಿ ಬೆಳಕು. ಒಳಗಿದ್ದವರಿಗೆ ಹೊರಗಿನದೆಲ್ಲ ನಿಚ್ಚಳ, ಹೊರಗಿನವರಿಗೆ ಮಲಗಿದ ಆಕಾರ ಮಾತ್ರ ಕಂಡೀತು, ತೆರೆದ ಕಣ್ಣು ಕಾಣದು.

ಸೋಫಾದ ಮೇಲೆ ಈಗ ಆ ಹುಡುಗಿ ಕಾಲು ಮಡಚಿ ಕೂತಿದ್ದಳು. ಎರಡು ಜಡೆ, ಕೈಯಲ್ಲಿ ಹಾಲಿನ ಲೋಟ. ಕಿವಿ ಚುರುಕು, ಮಾತು ಅದಕ್ಕಿಂತ ಚುರುಕು ಎಂದು ನನಗೆ ಮೊದಲ ದಿನವೇ ಗೊತ್ತಾಗಿತ್ತು. ಇವತ್ತು ಮಾತ್ರ ನನ್ನನ್ನು ಕಂಡು ಕಣ್ಣು ತಪ್ಪಿಸಿದಳು.

ತಾಯಿ ಎದುರಿನ ಮೇಜಿನ ಬಳಿ ಕೂತು ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಅವಳು ತುಟಿ ಓದಬಲ್ಲಳು. ಹಾಗಾಗಿ ನಾನು ಬೆನ್ನು ತಾಯಿಯ ಕಡೆ ಮಾಡಿ ಕೂತೆ.

"ಪುಟ್ಟಾ, ಬರೆದಿದ್ದು ನೀನೇ ಅಲ್ವಾ?"

ಹುಡುಗಿ ಲೋಟವನ್ನು ಬಾಯಿಗೆ ಅಡ್ಡ ಹಿಡಿದಳು. ಕುಡಿಯುವುದಕ್ಕಲ್ಲ. ತುಟಿ ಅಮ್ಮನಿಗೆ ಕಾಣಬಾರದು ಎಂದು. 

"ಅಮ್ಮನಿಗೆ ಹೇಳ್ಬೇಡಿ ಆಂಟಿ."

"ಮೊದಲು ನನಗೆ ಹೇಳು."

"ಅದನ್ನ ತೆಗೆಸೋಕೇ ಬರೆದಿದ್ದು ಆಂಟಿ, ಹಾಕಿಸೋಕಲ್ಲ." ದನಿ ತೆಳ್ಳಗಾಗಿತ್ತು. "ಮೊದಲು ಬರೀ ವಿಡಿಯೊ ಬಂತಲ್ಲ, ಸ್ಕೂಲಲ್ಲಿ ಎಲ್ಲ ನೋಡಿ ನಗ್ತಾ ಇದ್ರು. ನಮ್ಮಮ್ಮನ ಕೈ ಮಾಡೋ ಹಾಗೆ ಮಾಡಿ ನಗ್ತಾ ಇದ್ರು. ನನಗೆ ಕೋಪ ಬಂತು. ಎದುರ್ಮನೆಗೆ ಮೆಸೇಜ್ ಮಾಡಿದೆ, ಅವರು ನಮ್ಮ ಅಪ್ಪ ಅಮ್ಮ, ಅದು ನಮ್ಮನೆ ಸ್ವಂತ ವಿಷಯ, ತೆಗೀರಿ ಅಂತ. ಅವರು ತುಂಬ ಒಳ್ಳೆ ಮಾತಲ್ಲಿ ಬರೆದ್ರು. ಅಯ್ಯೋ ಕಂದ, ನಮಗೆ ಗೊತ್ತಿರಲಿಲ್ಲ, ಸ್ವಂತ ವಿಷಯ ಅಂತ ನಮಗೆ ಹೇಗೆ ಗೊತ್ತಾಗಬೇಕು, ಏನು ಹೇಳ್ತಿದಾರೆ ಅಂತ ಪೂರ್ತಿ ಬರೆದು ಕಳಿಸು, ಹೌದು ಅಂದ್ರೆ ತಕ್ಷಣ ತೆಗೀತೀವಿ ಅಂತ."

"ನೀನು ಬರೆದೆ."

"ಎಲ್ಲಾ ಬರೆದೆ. ನನಗೆ ಎಷ್ಟು ನೆನಪಿತ್ತೋ ಅಷ್ಟೂ ಬರೆದೆ. ಎಷ್ಟು ಸ್ವಂತದ್ದು ಅಂತ ಅವರಿಗೆ ಗೊತ್ತಾಗ್ಲಿ ಅಂತ." ಲೋಟವನ್ನು ಇನ್ನಷ್ಟು ಮೇಲಕ್ಕೆ ಹಿಡಿದಳು. "ಮಾರನೇ ದಿನ ನಾನು ಬರೆದಿದ್ದೇ ಕೆಳಗೆ ಓಡ್ತಾ ಇತ್ತು."

 ಗುಟ್ಟನ್ನು ಗುಟ್ಟೆಂದು ಒಪ್ಪಿಸುವುದಕ್ಕೆ ಈ ಮಗುವಿನ ಬಾಯಿಂದಲೇ ಗುಟ್ಟು ಬಿಡಿಸಿಕೊಂಡ ಹಲ್ಕಾ ಜನ! ನನ್ನ ಸರ್ವೀಸಿನಲ್ಲಿ ಎಂತೆಂಥ ಖದೀಮರನ್ನು ನೋಡಿದ್ದೆ. ಅವರೆಲ್ಲ ಇವರ ಮುಂದೆ ಸಜ್ಜನರು.

"ಪುಟ್ಟಾ, ನೀನು ತಪ್ಪು ಮಾಡಿಲ್ಲ. ಕೇಳಿಸ್ತಾ? ನಿನ್ನ ನಂಬಿಸಿ ಕಿತ್ಕೊಂಡವರದು ತಪ್ಪು. ಅವರ ಹೆಸರೇನಾದ್ರೂ ಗೊತ್ತಾಯ್ತಾ?"

ತಲೆ ಅಡ್ಡಕ್ಕೆ ಅಲ್ಲಾಡಿತು.

"ಇಷ್ಟು ದಿನ ಅಮ್ಮನ ಹತ್ರ ಯಾಕೆ ಹೇಳಲಿಲ್ಲ, ನನಗೆ ಗೊತ್ತು ಅಂತ?"

"ಅಮ್ಮಂಗೆ ತಾನೇ ಹೇಳಬೇಕು ಅಂತ ಆಸೆ ಇದೆ ಆಂಟಿ. ಬೆಳಗ್ಗೆ ತಲೆ ಬಾಚುವಾಗ ಹೇಳೋಕೆ ಬರ್ತಾಳೆ, ಆಮೇಲೆ ಕೈ ಕೆಳಗೆ ಇಳಿಸ್ತಾಳೆ. ಹೇಳ್ಲಿ ಅಂತ ಕಾಯ್ತಾ ಇದೀನಿ. ನನಗೆ ಗೊತ್ತಿಲ್ದೇ ಇರೋ ಹಾಗೇ ಕೇಳ್ತೀನಿ."

 ಇವಳಿಗೆ ಗೊತ್ತಾಗದಿರಲಿ ಎಂದು ಅವಳು, ಅವಳಿಗೆ ಗೊತ್ತಾಗದಿರಲಿ ಎಂದು ಇವಳು. ಇಬ್ಬರ ನಡುವೆ ನಾನೊಬ್ಬಳು ಜಿಗಣೆ. ಆದರೂ ಮನಸ್ಸಿಗೆ ಒಂದು ಧೈರ್ಯ ಬಂತು. ಇನ್ನೂ ಏನೂ ಕೈ ಮೀರಿಲ್ಲ. ಎರಡನೇ ಭಾಗವನ್ನು ತಡೆದರೆ ಸಾಕು, ರಾತ್ರಿಯೋ ನಾಳೆಯೋ ತಾಯಿ ಹೇಳುತ್ತಾಳೆ, ಮಗಳು ಕೇಳುತ್ತಾಳೆ. ಆ ಭಾಗ್ಯವನ್ನು ಇವರಿಗೆ ಉಳಿಸಿಕೊಟ್ಟೇ ತೀರುತ್ತೇನೆ ಎಂದುಕೊಂಡೆ.

"ಎರಡನೇ ಭಾಗದಲ್ಲಿ ಏನಿದೆ? ಆವತ್ತಿನ ಜಗಳ ಇನ್ನೂ ಉದ್ದ ಇತ್ತಾ?"

"ಇಲ್ಲ. ಅಷ್ಟೇ. ಅಪ್ಪ ದೀಪ ಆರಿಸಿಬಿಟ್ರು."

"ಅಷ್ಟೇನಾ? ಮತ್ತೆ ಇವತ್ತು ಅವರು ತೋರಿಸೋದು ಏನನ್ನ?"

ಹುಡುಗಿ ದಿಂಬಿನ ಕೆಳಗಿಂದ ಏನನ್ನೋ ಎಳೆದಳು. ಶಾಲೆಯವರು ಪಾಠಕ್ಕೆಂದು ಕೊಟ್ಟ ಟ್ಯಾಬ್. ಫೋನ್ ಕಿತ್ತಿಟ್ಟ ತಾಯಿಗೆ ಇದರ ನೆನಪೇ ಬಂದಿರಲಿಲ್ಲ, ನನಗೂ ಬಂದಿರಲಿಲ್ಲ.

"ಇನ್ನೊಬ್ಬರು ಬರೆದಿದಾರೆ ಆಂಟಿ. ನಿನ್ನೆಯಿಂದ." ಕಣ್ಣುಗಳಲ್ಲಿ ಹೆದರಿಕೆಯ ಜೊತೆಗೆ ಒಂದು ಆಸೆಯೂ ಇತ್ತು. ಆ ಆಸೆಯೇ ನನ್ನನ್ನು ಹೆದರಿಸಿತು. "ನಾನೇ ನಿನ್ನ ಹೆತ್ತವಳು, ವಿಡಿಯೊ ನೋಡಿ ಗೊತ್ತಾಯ್ತು, ಒಂದು ಸಲ ಮುಖ ನೋಡಿ ಹೋಗ್ತೀನಿ, ಅಮ್ಮಂಗೆ ಈಗ್ಲೇ ಹೇಳಬೇಡ ಅಂತ. ನಾನು ಮನೆ ನಂಬರ್ ಕೊಟ್ಟೆ. ನಾಲ್ಕು ಗಂಟೆಗೆ ಬರ್ತೀನಿ ಅಂದ್ರು."

ನಾಲ್ಕು ಗಂಟೆ.

ಆಗ ಹೊಳೆಯಿತು. ಎರಡನೇ ಭಾಗವನ್ನು ಅವರು ಇನ್ನೂ ತೆಗೆದೇ ಇಲ್ಲ. ತೆಗೆಯುವುದಕ್ಕೆ ಇಲ್ಲಿಗೇ ಬರುತ್ತಿದ್ದಾರೆ.

ಗೋಡೆಯ ಮೇಲೆ ಒಂದು ಹಸಿರು ದೀಪ ಮಿಣಮಿಣ ಮಿನುಗಿತು. ಆ ಮನೆಯ ಕರೆಗಂಟೆ ಸದ್ದು ಮಾಡುವುದಿಲ್ಲ. ಒತ್ತಿದರೆ ದೀಪ ಉರಿಯುತ್ತದೆ. ತಾಯಿ ನನ್ನ ಕಡೆ ನೋಡಿ ಮುಗುಳ್ನಕ್ಕು, ಗಂಡ ಬೇಗ ಬಂದಿರಬೇಕು ಎನ್ನುವ ಹಾಗೆ ಬೆರಳು ತೋರಿಸಿ ಎದ್ದು ಹೊರಟಳು.

"ಅಮ್ಮಾ!" ಹುಡುಗಿ ಕಿರುಚಿದಳು. "ಅಮ್ಮಾ, ತೆಗೀಬೇಡ!"

ಮನೆಯಲ್ಲಿ ಕೂಗಿ ಪ್ರಯೋಜನವಿಲ್ಲವೆಂದು ಹುಟ್ಟಿದಾಗಿನಿಂದ ಗೊತ್ತಿದ್ದ ಮಗು ಕೂಗಿತು. ತಾಯಿಯ ಬೆನ್ನು ಬಾಗಿಲ ಕಡೆ ನಡೆಯುತ್ತಲೇ ಇತ್ತು. ನಾನು ಮೇಜನ್ನು ಬಳಸಿ ಓಡಿದೆ, ಮೊಣಕಾಲು ಕುರ್ಚಿಗೆ ಬಡಿಯಿತು, ಚಿಲಕ ಆಗಲೇ ತಿರುಗಿತ್ತು.

ಹೊರಗೆ ಒಬ್ಬ ಹೆಂಗಸು. ಅಚ್ಚುಕಟ್ಟಾದ ಉಡುಪು, ಕಣ್ಣಿಗೆ ಕಾಡಿಗೆ, ಕೋಲಿನ ತುದಿಯಲ್ಲಿ ಫೋನು. ಫೋನಿನ ಮೂಲೆಯಲ್ಲಿ ಕೆಂಪು ಚುಕ್ಕಿ. ನೇರ ಪ್ರಸಾರ.

ತಾಯಿ ಅವಳನ್ನು ನೋಡಿದಳು. ಗುರುತಿನ ಒಂದು ಎಳೆಯೂ ಆ ಮುಖದಲ್ಲಿ ಮೂಡಲಿಲ್ಲ. ತನ್ನ ಮಡಿಲಿಗೆ ಮಗುವನ್ನು ಹಾಕಿದ ಹೆಂಗಸನ್ನು ಯಾರಾದರೂ ಮರೆಯುತ್ತಾರೆಯೇ? ಇವಳು ನರ್ಸ್ ಅಲ್ಲ. ಇವಳು ಯಾರ ಹೆತ್ತ ತಾಯಿಯೂ ಅಲ್ಲ.

ಹೆಂಗಸು ಪಕ್ಕಕ್ಕೆ ಚಾಚಿದ ಕ್ಯಾಮೆರಾ ಕಡೆ ಅರ್ಧ ಮುಖ ತಿರುಗಿಸಿ, ಒಂದೊಂದೇ ಪದವನ್ನು ಬಿಡಿಸಿ ಬಿಡಿಸಿ ಹೇಳಿದಳು. "ಎಲ್ಲರೂ ನೋಡ್ತಾ ಇದೀರಲ್ಲ? ಇದೇ ಆ ಮನೆ. ನಾನೇ ಆ ಮಗುವನ್ನ ಹೆತ್ತವಳು. ಮನೆ ಮಾತನ್ನೆಲ್ಲ ನಮ್ಮ ಎದುರ್ಮನೆಗೆ ಬರೆದು ಕೊಟ್ಟಿದ್ದು ಈ ಮನೆ ಮಗಳೇ."

ನನ್ನ ಅಂಗೈ ಕ್ಯಾಮೆರಾದ ಕಣ್ಣನ್ನು ಮುಚ್ಚಿತು. ಇನ್ನೊಂದು ಕೈ ಅವಳ ಮಣಿಕಟ್ಟನ್ನು ಹಿಡಿಯಿತು, ಬಿಡುವ ಮಾತೇ ಇಲ್ಲದ ಹಾಗೆ. ನಮ್ಮ ಎದುರ್ಮನೆ ಎಂದು ಅವಳ ಬಾಯಿಂದಲೇ ಬಂದಾಗಿತ್ತು. ನ್ಯಾಯಾಧೀಶರು ಕೇಳಿದ ಹೆಸರು ಈಗ ನನ್ನ ಮುಷ್ಟಿಯಲ್ಲೇ ಇತ್ತು.

ಆದರೆ ನಾನು ಮುಚ್ಚಿದ್ದು ಕ್ಯಾಮೆರಾವನ್ನು. ಆ ತುಟಿಗಳನ್ನಲ್ಲ. ತಾಯಿ ಅವುಗಳನ್ನು ಕೊನೆಯ ಪದದವರೆಗೂ ಓದಿ ಮುಗಿಸಿದ್ದಳು.

ಅವಳು ನಿಧಾನವಾಗಿ ತಿರುಗಿದಳು. ಕೋಣೆಯ ನಡುವೆ, ಟ್ಯಾಬ್ ಅವುಚಿಕೊಂಡು, ಹುಡುಗಿ ನಿಂತಿದ್ದಳು. ತಾಯಿಯ ಕೈ ಎದ್ದಿತು. ಒಂದು ಬೆರಳು ಮಗಳನ್ನು ತೋರಿಸಿತು, ಹುಬ್ಬು ಮೇಲೇರಿತು. ಸನ್ನೆ ಭಾಷೆ ಬಾರದ ನನಗೂ ಅದು ಅರ್ಥವಾಯಿತು.

ನೀನಾ?